ಮುಳುಗಿದ ಗಾಡಿಯ ಬಿಸಿ ಸೀಟು

ಎರಡನೆಯ ಕಂತು

ಗಾಡಿಯ ಹೊಟ್ಟೆಯ ಕೆಳಗೆ ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದ ನಾನು ಸ್ಕ್ರೂಡ್ರೈವರಿನ ತುದಿಯಿಂದ ಕಪ್ಪು ಬಣ್ಣವನ್ನು ಕೆರೆದೆ. ಬಣ್ಣ ಹಕ್ಕಳೆಯಾಗಿ ಎದ್ದು ಬಂತು. ಅದರ ಹಿಂದೆಯೇ ಒಂದು ಹಿಡಿ ತುಕ್ಕು ನನ್ನ ಕನ್ನಡಕದ ಮೇಲೆ ಸುರಿಯಿತು.

"ಏನು ಕಾಣಿಸ್ತು ಆಂಟಿ?" ಎಂದು ಕೊರಿನ್ ಕೇಳಿದಳು. ನನಗೆ ಕಾಣುತ್ತಿದ್ದುದು ಅವಳ ಬೂಟು ಮಾತ್ರ.

"ಈ ಗಾಡಿ ಎಲ್ಲಿಂದ ಬಂತು ಅಂದ, ನಿನಗೆ ಮಾರಿದ ಆ ಟ್ರೆಝೈಸ್?"

"ಅರಿಜೋನಾ ಮರಳುಗಾಡಿಂದ. ಇದು ಹಿಮದ ಮುಖಾನೇ ನೋಡಿಲ್ಲ ಅಂದ. ಯಾರೋ ಹಲ್ಲಿನ ಡಾಕ್ಟ್ರು ಮನೆಯಿಂದ ಗಾಲ್ಫ್ ಮೈದಾನಕ್ಕೆ, ಮೈದಾನದಿಂದ ಮನೆಗೆ ಓಡಿಸ್ತಿದ್ರಂತೆ."

"ಹಾಗಿದ್ರೆ ಆ ಡಾಕ್ಟ್ರು ಗಾಲ್ಫ್ ಮೈದಾನಕ್ಕೆ ಉಪ್ಪು ಸುರೀತಿದ್ರು ಅಂತ ಕಾಣತ್ತೆ."

ದೇಶದ ಉತ್ತರ ತುದಿಯಲ್ಲಿರುವ ನಮ್ಮ ಕುಪಾರಿ ಹಾರ್ಬರಿನಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮ ಕರಗುತ್ತದೆ, ಜೊತೆಗೆ ಗಾಡಿಗಳ ತಳವೂ ಕರಗುತ್ತದೆ. ಆ ತುಕ್ಕನ್ನು ನಾನು ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲೆ. ಇಪ್ಪತ್ತೆಂಟು ವರ್ಷ ವಿಮಾ ಕಂಪನಿಯೊಂದಕ್ಕೆ ಗಾಡಿಗಳ ಕ್ಲೇಮು ತನಿಖೆ ಮಾಡಿದವಳು ನಾನು, ಐಲಿ ಹೆಕ್ಕಲಾ. ನಿವೃತ್ತಿಯಾದ ಮೇಲೆ ಊರಿನವರ ಅನುಮಾನಗಳನ್ನು ಬಗೆಹರಿಸಿಕೊಡುತ್ತಾ ಕಾಲ ಕಳೆಯುತ್ತಿದ್ದೇನೆ.

ಕೊರಿನ್ ಬೋದ್ರಿ ನನ್ನ ಸತ್ತುಹೋದ ಗೆಳತಿಯ ಮಗಳು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ದಾದಿ. ಆಳೆತ್ತರದ ಹಿಮದಲ್ಲೂ ನಿಲ್ಲದೆ ಹೋಗಬಲ್ಲ ಗಾಡಿ ಬೇಕೆಂದು ಹನ್ನೊಂದು ದಿನದ ಹಿಂದೆ ಈ ಕಪ್ಪು ಎಸ್‌ಯುವಿಯನ್ನು ಕೊಂಡಿದ್ದಳು. ಹಳೆಯದಾದರೂ ದೊಡ್ಡ ಮನೆತನದ್ದು. ತೊಗಲಿನ ಸೀಟು, ಮರದ ಕೆತ್ತನೆಯ ಡ್ಯಾಶ್‌ಬೋರ್ಡು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ. ಆದರೆ ಹೀಟರ್ ಹಾಕಿದರೆ ಒಂದು ಥರದ ಮುಗ್ಗಲು ವಾಸನೆ. ಅದೇನೆಂದು ನೋಡಿಕೊಡಿ ಎಂದು ನನ್ನನ್ನು ಕರೆದಿದ್ದಳು.

ಕೆಳಗಿನಿಂದ ಹೊರಗೆ ಬಂದೆ. ಮುಂದಿನ ಜಾಲರಿಯ ಹಿಂದೆ ಕೈ ಹಾಕಿದಾಗ ಟೇಪು ಸುತ್ತಿ ಬಚ್ಚಿಟ್ಟಿದ್ದ ತಂತಿಯೊಂದು ಸಿಕ್ಕಿತು. ತುದಿಯಲ್ಲಿ ಪ್ಲಗ್ಗು.

"ಅಯ್ಯೋ, ಎಂಜಿನ್ ಬಿಸಿ ಮಾಡೋ ತಂತಿ!" ಎಂದಳು ಕೊರಿನ್. "ನಮ್ಮಪ್ಪನ ಗಾಡೀಲೂ ಇತ್ತು. ಸಂಜೆ ಗೋಡೆಗೆ ಸಿಕ್ಕಿಸಿದ್ರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗ್ತಿತ್ತು. ಮರಳುಗಾಡಲ್ಲಿ ಇದ್ಯಾಕೆ?"

"ಅದನ್ನೇ ಕೇಳ್ಬೇಕು. ಈಗ ಆ ವಾಸನೆ ನೋಡೋಣ."

ಡ್ಯಾಶ್‌ಬೋರ್ಡಿನ ಕೈಸಾಮಾನಿನ ಗೂಡನ್ನು ಕಳಚಿ, ಅದರ ಹಿಂದಿದ್ದ ಹೀಟರಿನ ಫಿಲ್ಟರನ್ನು ಎಳೆದೆ. ಅರ್ಧ ಬಂದು ಸಿಕ್ಕಿಕೊಂಡಿತು. ಇನ್ನೂ ಎಳೆದಾಗ ಒಂದು ದುಂಡನೆಯ ಮುದ್ದೆ ನನ್ನ ಮಡಿಲಿಗೆ ಬಿತ್ತು.

ಇಲಿಯ ಗೂಡು. ಇಲಿ ಯಾವತ್ತೋ ಖಾಲಿ ಮಾಡಿಕೊಂಡು ಹೋಗಿತ್ತು.

ಕೊರಿನ್ ಎರಡು ಹೆಜ್ಜೆ ಹಿಂದೆ ಸರಿದಳು. ಹೆರಿಗೆಯ ರಕ್ತಕ್ಕೆ ಹೆದರದವಳು ಇಲಿಗೆ ಹೆದರಿದ್ದಳು. ನಾನು ಗೂಡನ್ನು ಬೆಂಚಿನ ಮೇಲಿಟ್ಟು ಚಿಮಟದಿಂದ ಬಿಡಿಸಿದೆ. ಇಲಿ ಗೂಡು ಕಟ್ಟಿದೆ ಎಂದರೆ ಗಾಡಿ ತಿಂಗಳುಗಟ್ಟಲೆ ಒಂದೇ ಕಡೆ ನಿಂತಿದೆ ಎಂದರ್ಥ. ಒಣಹುಲ್ಲು, ಟಮರ‍್ಯಾಕ್ ಮರದ ಸೂಜಿಯಂಥ ಎಲೆ. ಅದು ನಮ್ಮ ಜೌಗಿನ ಮರ. ಮತ್ತೆ ಬಟ್ಟೆಯ ಚೂರುಗಳು. ಬೆರಳಗಲದ ಉದ್ದನೆಯ ಪಟ್ಟಿಗಳು, ಕೆಲವು ನೀಲಿ, ಹೆಚ್ಚಿನವು ಇಟ್ಟಿಗೆಯಂಥ ಕೆಂಪು.

"ಇಲಿ ಹರಿದಿದ್ದಾ?"

"ತುದಿ ನೋಡು, ಎಷ್ಟು ನೇರ ಇದೆ. ಕತ್ತರಿ ಹಾಕಿರೋದು. ಹಳೇ ಬಟ್ಟೆ ಸೀಳಿ ಮಗ್ಗದಲ್ಲಿ ಜಮಖಾನೆ ನೇಯ್ತಾರಲ್ಲ, ಅದಕ್ಕೆ ಹೀಗೆ ಕತ್ತರಿಸ್ತಾರೆ."

ಅಂಥ ಜಮಖಾನೆ ನಮ್ಮ ಊರಿನ ಪ್ರತಿ ಮನೆಯಲ್ಲೂ ಇದೆ. ಆದರೆ ಆ ಕೆಂಪು ಅಂಗಡಿಯ ಬಣ್ಣವಲ್ಲ, ಮರದ ತೊಗಟೆ ಕುದಿಸಿ ಅದ್ದಿದ ಬಣ್ಣ. ಅದನ್ನು ಎಲ್ಲಿಯೋ ನೋಡಿದ್ದೆ. ಎಲ್ಲಿ ಎಂದು ನೆನಪಾಗಲಿಲ್ಲ.

ಇನ್ನೊಂದು ಜಾಗ ನೋಡುವುದಿತ್ತು. ಈ ಮಾದರಿಯ ಗಾಡಿಗಳಲ್ಲಿ ಚಾಸಿ ನಂಬರು ಎದುರುಗಾಜಿನ ಮೂಲೆಯಲ್ಲಿ ಮಾತ್ರ ಇರುವುದಿಲ್ಲ. ಮುಂದಿನ ಬಲಸೀಟಿನ ಕೆಳಗೆ, ಕಾರ್ಪೆಟ್ಟಿನ ಅಡಿ, ಲೋಹದ ಮೇಲೆಯೇ ಇನ್ನೊಮ್ಮೆ ಒತ್ತಿರುತ್ತಾರೆ. ಕಾರ್ಪೆಟ್ಟಿನ ತುಂಡನ್ನು ಎತ್ತಿ ಟಾರ್ಚು ಹಿಡಿದೆ.

"ಕೊರಿನ್, ಗಾಜಿನ ಹತ್ರ ಇರೋ ನಂಬರಿನ ಕೊನೇ ನಾಲ್ಕು ಓದು."

"ಎರಡು, ಎರಡು, ಒಂಬತ್ತು, ಸೊನ್ನೆ."

"ಇಲ್ಲಿರೋದು ಏಳು, ನಾಲ್ಕು, ಒಂದು, ಆರು."

ಅವಳು ಬಗ್ಗಿ ಗಾಜಿನ ಹತ್ತಿರದ ನಂಬರನ್ನು ಮತ್ತೊಮ್ಮೆ ಓದಿಕೊಂಡಳು. ಆಮೇಲೆ, "ಅಂದ್ರೆ ನನ್ನ ಗಾಡಿ ಎರಡಿದೆಯಾ?" ಎಂದಳು.

ನನ್ನ ಹಳೆಯ ಆಫೀಸಿನ ಕಡತಗಳೆಲ್ಲ ಲೊರೇನಳ ಕೈಯಲ್ಲಿವೆ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದವರು. ಫೋನಿನಲ್ಲಿ ಸೀಟಿನ ಕೆಳಗಿನ ನಂಬರು ಹೇಳಿ, ಹೊರಗಿನ ಚಳಿಗೆ ಹೆದರಿ ಗಾಡಿಯೊಳಗೇ ಕುಳಿತೆ. ಕೊರಿನ್ ನನಗಾಗಿ ಸೀಟಿನ ಗುಂಡಿ ಒತ್ತಿದಳು. ಬೆನ್ನು ಬೆಚ್ಚಗಾಯಿತು.

"ನೋಡಿ, ಸೀಟೂ ಬಿಸಿಯಾಗತ್ತೆ, ಸ್ಟೇರಿಂಗೂ ಬಿಸಿಯಾಗತ್ತೆ. ನನ್ನ ಹಳೇ ಗಾಡೀಲಿ ಬಿಸಿಯಾಗ್ತಿದ್ದದ್ದು ಎಂಜಿನ್ ಒಂದೇ," ಎಂದಳು. ದನಿಯಲ್ಲಿ ಆಗಲೇ ಕಳೆದುಕೊಂಡವಳ ದುಃಖವಿತ್ತು.

ಹದಿನೈದು ನಿಮಿಷಕ್ಕೆ ಲೊರೇನಳ ಫೋನು ಬಂತು.

"ಐಲಿ, ನೀನೀಗ ಎಲ್ಲಿದೀಯ?"

"ಅದೇ ಗಾಡಿ ಒಳಗೆ ಕೂತಿದೀನಿ."

"ಹಾಗಾದ್ರೆ ನೀನು ಮುನ್ನೂರು ಅಡಿ ನೀರಿನ ಕೆಳಗೆ ಕೂತಿದೀಯ. ಅದು ಮಾರ್ಲಿಸ್ ಲೆಪಿಸ್ಟೊ ಗಾಡಿ ಕಣೇ. ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು. ಕಡತದ ಕೊನೇಲಿ ಯಾರ ಸಹಿ ಇದೆ ಅಂತ ಓದ್ಲಾ?"

"ಬೇಡ," ಎಂದೆ.

ಆ ಸಹಿ ನನ್ನದು.

ಮಾರ್ಲಿಸ್ ಲೆಪಿಸ್ಟೊ ಜಮಖಾನೆ ನೇಯುತ್ತಿದ್ದವಳು. ನಲವತ್ತೇಳು ವರ್ಷ, ಒಂಟಿ ಹೆಂಗಸು. ಪೇಟೆಯಲ್ಲಿ ಅವಳ ಅಂಗಡಿಯಿತ್ತು, ಅದರ ಮಹಡಿಯ ಮೇಲೆ ವಾಸ. ಆ ಮಾರ್ಚಿನ ಒಂದು ಬೆಳಿಗ್ಗೆ ಮೀನು ಹಿಡಿಯಲು ಹೋದವರು ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಗಾಡಿಯ ಗುರುತು ಕಂಡರು. ಗುರುತು ನೇರವಾಗಿ ಹೋಗಿ, ಒಡೆದ ಮಂಜುಗಡ್ಡೆಯ ಬಾಯಿಯಲ್ಲಿ ಮುಗಿದಿತ್ತು. ಪಕ್ಕದಲ್ಲಿ ಅವಳ ಒಂದು ಕೈಗವಸು. ಮುಳುಗುಗಾರರು ಎರಡು ದಿನ ಹುಡುಕಿದರು. ಕೆಳಗೆ ಸೆಳೆತ ಜೋರಾಗಿತ್ತು, ಏನೂ ಸಿಗಲಿಲ್ಲ.

ನಾನು ಆ ಬಾಯಿಯ ಅಂಚಿನಲ್ಲಿ ನಿಂತಿದ್ದೆ. ಕೈಗವಸು ಬಿದ್ದ ಹಾಗಿರಲಿಲ್ಲ, ಬೆರಳು ಚಾಚಿ ಇಟ್ಟ ಹಾಗಿತ್ತು. ಅದನ್ನು ನೋಡಿದ್ದೆ, ಬರೆದುಕೊಳ್ಳಲಿಲ್ಲ. ಅದು ನನ್ನ ಕೆಲಸದ ಕೊನೆಯ ವಾರ. ಆಫೀಸಿನಲ್ಲಿ ನನಗಾಗಿ ಕೇಕು ತರಿಸಿದ್ದರು.

ಇದನ್ನೆಲ್ಲ ಕೊರಿನ್‌ಗೆ ಹೇಳಿದೆ, ಕೇಕಿನ ವಿಷಯವೊಂದನ್ನು ಬಿಟ್ಟು.

"ಅಂದ್ರೆ ಹನ್ನೊಂದು ದಿನದಿಂದ ನಾನು ಸತ್ತವಳ ಸೀಟ್ ಮೇಲೆ ಕೂತಿದೀನಾ?"

"ಗಾಡಿ ನೀರಲ್ಲಿಲ್ಲ ಅಂದ್ಮೇಲೆ ಅವಳು ನೀರಲ್ಲಿದಾಳೆ ಅಂತ ನಂಬೋದು ಹೇಗೆ?"

ಅವಳ ಕಣ್ಣು ಅಗಲವಾಯಿತು. "ಪೊಲೀಸರಿಗೆ ಹೇಳ್ಬೇಕಲ್ವಾ?"

"ಹೇಳೋಣ. ಹೇಳಿದ ತಕ್ಷಣ ಗಾಡಿ ಎಳ್ಕೊಂಡು ಹೋಗಿ ಬೀಗ ಹಾಕ್ತಾರೆ. ಸಂಜೆ ಹೇಳೋಣ. ಅಷ್ಟರೊಳಗೆ ಇದು ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗ್ಬೇಕು."

ಡೆನ್ನಿಸ್ ಟ್ರೆಝೈಸ್ ತನ್ನ ಆಫೀಸಿನಲ್ಲಿ ಮಾಂಸ ತುಂಬಿ ಬೇಯಿಸಿದ ಪ್ಯಾಸ್ಟಿ ತಿನ್ನುತ್ತಿದ್ದ. ಹೊರಗೆ ಹಳೆಯ ಗಾಡಿಗಳು ಸಾಲಾಗಿ ಹಿಮ ಹೊದ್ದು ನಿಂತಿದ್ದವು. ನನ್ನನ್ನು ಕಂಡು ಎರಡೂ ಕೈ ಎತ್ತಿದ.

"ಓಹೋ, ಐಲಿ! ಬನ್ನಿ ಬನ್ನಿ. ನಿಮ್ಮ ಹಳೇ ಡಬ್ಬಾ ಕೊನೆಗೂ ಕೈ ಕೊಡ್ತಾ? ಕೊರಿನ್ ನೋಡಿ, ರಾಣಿ ಥರ ಓಡಾಡ್ತಿದಾಳೆ."

ನಾನು ಕೂರಲಿಲ್ಲ. ಅವನ ತಟ್ಟೆಯ ಪಕ್ಕದಲ್ಲಿ ಆ ಕೆಂಪು ಬಟ್ಟೆಯ ಪಟ್ಟಿಯನ್ನಿಟ್ಟೆ.

"ಏನಿದು?"

"ಅರಿಜೋನಾದ ಇಲಿ ನೇಯ್ದ ಜಮಖಾನೆ."

ನಕ್ಕ. ನಗು ಬೇಗ ಮುಗಿಯಿತು. "ಏನೋ ತಮಾಷೆ ಮಾಡ್ತಿದೀರ. ಹರಾಜಲ್ಲಿ ತಗೊಂಡ ಗಾಡಿ ಅದು. ಕಾಗದ ಎಲ್ಲಾ ಸರಿಯಾಗಿದೆ."

"ಕಾಗದ ಸರಿಯಾಗೇ ಇದೆ ಡೆನ್ನಿಸ್. ಗಾಡಿ ಬೇರೆ. ಅರಿಜೋನಾದ್ದು ಪಲ್ಟಿ ಹೊಡೆದು ನಜ್ಜುಗುಜ್ಜಾಗಿರ್ಬೇಕು. ಅದರ ನಂಬರು ಕಿತ್ತು ಇದಕ್ಕೆ ಅಂಟಿಸಿದೀಯ. ಸೀಟಿನ ಕೆಳಗಿನ ನಂಬರು ಮಾತ್ರ ಮರೆತೆ."

ಅವನು ಅಗಿಯುವುದನ್ನು ನಿಲ್ಲಿಸಿದ.

ಕೊರಿನ್ ಮೇಜಿನ ಮೇಲೆ ಎರಡೂ ಕೈಯೂರಿದಳು. "ಮೊನ್ನೆ ಬಿರುಗಾಳೀಲಿ ಗುಡ್ಡದ ಆಚೆ ಹೆರಿಗೆಗೆ ಹೋಗಿದ್ದೆ. ಈ ತುಕ್ಕು ಹಿಡಿದ ತಳದ ಮೇಲೆ. ಬ್ರೇಕ್ ಪೈಪು ಒಡೆದಿದ್ರೆ? ನಾನು ಹಳ್ಳದಲ್ಲಿ, ಆ ತಾಯಿ ಮನೇಲಿ ಒಬ್ಬಳೇ. ಯೋಚ್ನೆ ಮಾಡಿದ್ರಾ?"

"ಬ್ರೇಕ್ ಪೈಪು ಹೊಸದು ಹಾಕಿದೀನಮ್ಮಾ! ನಾನೇನು ಕಟುಕನಾ?" ಅವನಿಗೆ ನಿಜವಾಗಿಯೂ ನೋವಾಗಿತ್ತು. "ಟೈರೂ ಹೊಸದು. ಚಳಿಗಾಲದ ಟೈರು, ಒಳ್ಳೇದು. ನೀನು ಅಂತಾನೇ ಹಾಕಿಸ್ದೆ."

"ಗಾಡಿ ಯಾರು ಕೊಟ್ರು?" ಎಂದು ನಾನು ಕೇಳಿದೆ.

"ಒಡೆದು ಬಿಡಿಭಾಗ ಮಾಡಿ ಮಾರಿಬಿಡು ಅಂತ ಕೊಟ್ರು. ಪುಕ್ಕಟೆ. ಆದ್ರೆ ನೀವೇ ಹೇಳಿ ಐಲಿ, ಸೀಟು ಬಿಸಿಯಾಗತ್ತೆ, ಸ್ಟೇರಿಂಗು ಬಿಸಿಯಾಗತ್ತೆ, ನೆತ್ತಿ ಮೇಲೆ ಗಾಜಿನ ಮಾಡು. ಅಂಥದ್ದನ್ನ ಒಡೆಯೋಕೆ ಕೈ ಬರತ್ತಾ?"

"ಯಾರು ಅಂತ ಕೇಳ್ದೆ."

"ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಒಡೆದು ಹಾಕ್ತೀನಿ ಅಂತಾನೂ ಮಾತು ಕೊಟ್ಟಿದ್ದೆ."

ಡೆನ್ನಿಸನ ಕಿವಿ ಕೆಂಪಾಯಿತು. ತಟ್ಟೆಯನ್ನು ದೂರ ತಳ್ಳಿ ದನಿ ಏರಿಸಿದ. "ಏನೋ ಸುಲಭಕ್ಕೆ ಬಂದ ಗಾಡಿ ಅನ್ನೋ ಹಾಗೆ ಮಾತಾಡ್ತೀರಲ್ಲ! ಅದನ್ನ ತರೋಕೆ ಎಷ್ಟು ಪಾಡು ಪಟ್ಟೆ ಗೊತ್ತಾ? ಹಿಮದ ಭಾರಕ್ಕೆ ಶೆಡ್ಡಿನ ಮಾಡು ಕುಸಿದು ಕೂತಿತ್ತು. ಇಡೀ ದಿನ ಅಗೆದು ಹೊರಗೆ ಎಳ್ದೆ. ಬರುವಾಗ ಆ ದರಿದ್ರ ಒಂಟಿ ಸೇತುವೆ ಮೇಲೆ ಹಿಮ ತಳ್ಳೋ ಲಾರಿ ಎದುರಿಗೆ ಬಂತು. ಟ್ರೈಲರ್ ಕಟ್ಕೊಂಡು ಅಷ್ಟುದ್ದ ರಿವರ್ಸ್..."

ತಟ್ಟನೆ ಬಾಯಿ ಮುಚ್ಚಿದ.

ಈ ಕಡೆಯಲ್ಲಿ ಒಂದೇ ಗಾಡಿ ಹಿಡಿಯುವ ಸೇತುವೆ ಇರುವುದು ಒಂದೇ ರಸ್ತೆಯಲ್ಲಿ, ಸಿಲ್ವರ್ ಕ್ರೀಕ್ ರಸ್ತೆ. ಚಳಿಗಾಲದಲ್ಲಿ ಅಲ್ಲಿ ಎಂಟೋ ಒಂಬತ್ತೋ ಮನೆಗಳಲ್ಲಿ ಮಾತ್ರ ಒಲೆ ಹೊತ್ತುತ್ತದೆ.

"ಇವತ್ತು ಸಂಜೆಯೊಳಗೆ ಆ ಮನೆ ಹುಡುಕ್ತೀನಿ ಡೆನ್ನಿಸ್," ಎಂದೆ. ಗೆದ್ದ ಹುಮ್ಮಸ್ಸಿನಲ್ಲಿ ಆಡಿದ ಮಾತು. ಆಡಬಾರದಿತ್ತು.

ಕೊರಿನ್ ಗಾಡಿ ಓಡಿಸಿದಳು. ಹಿಮ ಸಣ್ಣಗೆ ಬೀಳುತ್ತಿತ್ತು. ರಸ್ತೆಯ ಎರಡೂ ಬದಿ ತಳ್ಳಿ ಪೇರಿಸಿದ ಹಿಮ ಗೋಡೆಯಂತೆ ಗಾಡಿಗಿಂತ ಎತ್ತರಕ್ಕೆ ನಿಂತಿತ್ತು. ಸೇತುವೆಯ ಹತ್ತಿರದ ಇಳಿಜಾರಿನಲ್ಲಿ ಮುಂದಿದ್ದ ಪಿಕಪ್ ಟ್ರಕ್ಕು ಬಾಲ ಆಡಿಸುತ್ತಾ ಜಾರಿತು. ನಮ್ಮದು ನೆಲ ಕಚ್ಚಿಕೊಂಡು ಇಳಿಯಿತು.

"ಕಳ್ಳ ಗಾಡಿ ಆದ್ರೂ ಒಳ್ಳೇ ಗಾಡಿ," ಎಂದಳು.

ಸೇತುವೆಗೆ ಮೊದಲೇ ಒಂದು ಮನೆಯಲ್ಲಿ ಅವಳಿಗೆ ಎಂಟು ತಿಂಗಳ ಬಸುರಿಯನ್ನು ನೋಡುವುದಿತ್ತು. ಬರುತ್ತೇನೆಂದು ಹೇಳಿದ್ದ ದಿನ ಅದು, ಬಿಟ್ಟು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಬಿ.ಪಿ. ಸ್ವಲ್ಪ ಏರಿತ್ತಂತೆ, ಎರಡೆರಡು ಸಲ ನೋಡಿದಳು. ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಿತು. ನಾನು ಗಾಡಿಯಲ್ಲೇ ಕುಳಿತು ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಆಗ ಕಂಡಿತು. ಹಿಂದೆ ನೋಡುವ ಕನ್ನಡಿಯ ಕೆಳಗಂಚಿನಲ್ಲಿ ಮೂರು ಪುಟ್ಟ ಗುಂಡಿಗಳು.

ಕೊರಿನ್ ವಾಪಸು ಬಂದ ಕೂಡಲೇ ಕೇಳಿದೆ, "ಇವನ್ನ ಒತ್ತಿ ನೋಡಿದೀಯಾ?"

"ಮೊದಲನೇದು ಒತ್ತಿದ್ರೆ ಹಸಿರು ದೀಪ ಬರತ್ತೆ. ಉಳಿದೆರಡು ಸತ್ತಿವೆ. ಹಸಿರು ಬಂದ್ರೂ ಏನೂ ಆಗಲ್ಲ."

"ಇಲ್ಲಿ ಏನೂ ಆಗಲ್ಲ. ಇದು ಗರಾಜಿನ ಬಾಗಿಲು ತೆಗೆಯೋ ಗುಂಡಿ ಕಣೇ. ಎಲ್ಲೋ ಒಂದು ಬಾಗಿಲು ಇದರ ಮಾತು ಕೇಳತ್ತೆ."

"ಮಾರ್ಲಿಸ್ ಮನೇದಾ?"

"ಅಂಗಡಿ ಮೇಲಿದ್ದ ಮಾರ್ಲಿಸ್‌ಗೆ ಗರಾಜೇ ಇರ್ಲಿಲ್ಲ. ಗಾಡಿ ಬೀದೀಲಿ ನಿಲ್ಲಿಸ್ತಿದ್ಲು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೊರಿನ್‌ಗೆ ನಗು ತಡೆಯಲಾಗಲಿಲ್ಲ, ನನಗೂ. ಮನೆಮನೆಯ ಬಾಗಿಲು ಬಡಿದು ಓಡಿಹೋಗುವ ಹುಡುಗಿಯರ ಹಾಗೆ ಹೊರಟೆವು.

ಸೇತುವೆ ದಾಟಿದ ಮೇಲೆ ಮೊದಲ ಮನೆಯ ಮುಂದೆ ನಿಧಾನಿಸಿ ಒತ್ತಿದೆ. ಏನೂ ಇಲ್ಲ. ಎರಡನೆಯ ಮನೆಯ ಮುಂದೆ ಹಿಮ ಎತ್ತಿ ಹಾಕುತ್ತಿದ್ದ ಗಂಡಸು ಗುದ್ದಲಿಯೆತ್ತಿ ನಮಸ್ಕರಿಸಿದ, ಕೊರಿನ್ ಕೈ ಬೀಸಿದಳು, ನಾನು ಒತ್ತಿದೆ. ಬಾಗಿಲು ಮಿಸುಕಲಿಲ್ಲ. ಮೂರು, ನಾಲ್ಕು, ಐದು. ನನಗೆ ನನ್ನ ಜಾಣತನದ ಮೇಲೆ ಅನುಮಾನ ಬರತೊಡಗಿತು.

ಆರನೆಯ ಮನೆ ರಸ್ತೆಯಿಂದ ಒಳಗಿತ್ತು. ಸ್ಪ್ರೂಸ್ ಮರಗಳ ನಡುವೆ ಹಳದಿ ಬಣ್ಣದ ಮನೆ, ಚಿಮಣಿಯಲ್ಲಿ ಹೊಗೆ. ಅದರ ಪಕ್ಕದಲ್ಲಿ ಬೆನ್ನು ಮುರಿದು ಕುಸಿದಿದ್ದ ಶೆಡ್ಡು, ಮೇಲೆ ನೀಲಿ ಟಾರ್ಪಾಲು.

"ಆಂಟಿ," ಎಂದು ಕೊರಿನ್ ಉಸುರಿದಳು.

ಒತ್ತಿದೆ.

ಮನೆಯ ಗರಾಜಿನ ಬಾಗಿಲು ಒಂದು ಸಲ ನಡುಗಿತು. ಕೆಳಗಂಚಿಗೆ ಅಂಟಿದ್ದ ಮಂಜು ಪಟಪಟನೆ ಒಡೆದು ಉದುರಿತು. ಬಾಗಿಲು ಕಿರುಗುಟ್ಟುತ್ತಾ ಮೇಲೇರಿತು.

ಒಳಗೆ ಗಾಡಿಯಿರಲಿಲ್ಲ. ದೊಡ್ಡ ಮಗ್ಗವಿತ್ತು. ಮೂಲೆಯಲ್ಲಿ ಕಬ್ಬಿಣದ ಒಲೆ ಉರಿಯುತ್ತಿತ್ತು. ಬುಟ್ಟಿಗಳ ತುಂಬ ಬಟ್ಟೆಯ ಪಟ್ಟಿ. ಮಗ್ಗದ ಮೇಲೆ ಅರ್ಧ ನೇಯ್ದ ಜಮಖಾನೆ, ಇಟ್ಟಿಗೆಯ ಕೆಂಪು. ಆಗ ನೆನಪಾಯಿತು. ಆ ಕೆಂಪನ್ನು ನಾನು ನೋಡಿದ್ದುದು ಮಾರ್ಲಿಸಳ ಅಂಗಡಿಯಲ್ಲಿ, ಕ್ಲೇಮಿಗಾಗಿ ಅವಳ ಸಾಮಾನಿನ ಪಟ್ಟಿ ಮಾಡಿದ ದಿನ.

ನಾನು ಇಳಿದು ಒಳಗೆ ಹೋದೆ. ಲಾಳಿ ಇನ್ನೂ ಎಳೆಗಳ ನಡುವೆಯೇ ಇತ್ತು. ಪಕ್ಕದ ಸ್ಟೂಲಿನ ಮೇಲೆ ಕಾಫಿಯ ಲೋಟ. ಮುಟ್ಟಿ ನೋಡಿದೆ, ಉಗುರುಬೆಚ್ಚಗಿತ್ತು. ಮೂರು ವರ್ಷದಿಂದ ಎದೆಯಲ್ಲಿ ಎಲ್ಲಿಯೋ ಗಂಟು ಬಿದ್ದಿದ್ದುದು ಸಡಿಲವಾದಂತಾಯಿತು. ಬದುಕಿದ್ದಾಳೆ. ನಾನು ಸಹಿ ಹಾಕಿ ಮುಳುಗಿಸಿದವಳು ಬದುಕಿದ್ದಾಳೆ.

"ಬಾಗಿಲು ಹಾಕ್ರೇ, ಬಿಸಿಯೆಲ್ಲಾ ಹೊರಗೆ ಹೋಗತ್ತೆ!"

ಮನೆಯೊಳಗಿನ ಬಾಗಿಲಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬಳು ನಿಂತಿದ್ದಳು. ಕೈಯಲ್ಲಿ ಒಲೆಯ ಕೆದಕುಗೋಲು. ಅವಳನ್ನು ಚರ್ಚಿನಲ್ಲಿ ನೋಡಿದ್ದೆ, ಹಿಲ್ಮಾ ನಿಸ್ಕನೆನ್. ನಮ್ಮ ಹಿಂದಿನ ಕಪ್ಪು ಗಾಡಿಯನ್ನು ನೋಡಿದ್ದೇ ಅವಳ ಮುಖ ಬಿಳಿಚಿತು.

"ಅದನ್ನ ಒಡೆದು ಹಾಕೋಕೆ ಹೇಳಿದ್ದೆ," ಎಂದಳು. "ಶೆಡ್ಡು ಬಿದ್ಮೇಲೆ ಅದನ್ನ ಬಚ್ಚಿಡೋಕೆ ಜಾಗ ಇರ್ಲಿಲ್ಲ. ಆ ಟ್ರೆಝೈಸ್ ನಂಬಿಸಿ ಮೋಸ ಮಾಡ್ದ."

"ಹಿಲ್ಮಾ ಅಮ್ಮಾ, ನಾನು ಐಲಿ ಹೆಕ್ಕಲಾ. ಗದ್ದಲ ಮಾಡೋಕೆ ಬಂದಿಲ್ಲ. ಮಾರ್ಲಿಸ್‌ನ ಒಂದು ಸಲ ಕಣ್ಣಲ್ಲಿ ನೋಡಿದ್ರೆ ಸಾಕು."

ಹಿಲ್ಮಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೆದಕುಗೋಲು ನಿಧಾನವಾಗಿ ಕೆಳಗಿಳಿಯಿತು.

"ನೀನಾ ಐಲಿ ಹೆಕ್ಕಲಾ? ಹಾಗಿದ್ರೆ ಅವಳನ್ನ ಕರ್ಕೊಂಡು ಹೋಗೋಕೆ ಆ ಗಂಡಸನ್ನ ಯಾಕೆ ಕಳಿಸ್ದೆ?"

"ಯಾವ ಗಂಡಸು?"

"ಇಪ್ಪತ್ತು ನಿಮಿಷ ಆಯ್ತು. ಐಲಿ ಹೆಕ್ಕಲಾ ಕಳಿಸಿದಾರೆ, ಗಾಡಿ ವಿಷಯ ಹೊರಗೆ ಬಿದ್ದಿದೆ, ತಕ್ಷಣ ಹೊರಡಬೇಕು ಅಂದ."

ನಾನು ಈ ರಸ್ತೆಗೆ ಬರುತ್ತೇನೆಂದು ಗೊತ್ತಿದ್ದುದು ಒಬ್ಬನಿಗೆ, ಡೆನ್ನಿಸನಿಗೆ. ಅವನಾಗಿ ಬರುವ ಧೈರ್ಯ ಅವನಿಗಿಲ್ಲ. ಯಾರಿಗೋ ಫೋನು ಮಾಡಿದ್ದಾನೆ. ಕೊರಿನ್ ಆಗಲೇ ಹೊರಗೆ ಓಡಿ ಅಂಗಳದ ಗಾಲಿಗುರುತಿನ ಮೇಲೆ ಬಗ್ಗಿದ್ದಳು. ಹೊಸ ಹಿಮ ಅದನ್ನು ತುಂಬುತ್ತಿತ್ತು.

"ಡೆನ್ನಿಸ್ ಟ್ರೆಝೈಸಾ ಬಂದಿದ್ದು?"

"ಟ್ರೆಝೈಸ್ ಮುಖ ನನಗೆ ಗೊತ್ತಿಲ್ವಾ? ಇವನ್ಯಾರೋ ಬೇರೆ. ನಾನು ಯಾವತ್ತೂ ನೋಡಿಲ್ಲ."

"ಮಾರ್ಲಿಸ್ ಸುಮ್ನೆ ಅವನ ಜೊತೆ ಹೋದ್ಲಾ? ಹೆದರ್ಲಿಲ್ವಾ?"

"ಹೆದರ್ಲಿಲ್ಲ," ಎಂದಳು ಹಿಲ್ಮಾ. ಅವಳಿಗೇ ಅದು ಅರ್ಥವಾಗಿರಲಿಲ್ಲ. "ಬಾಗಿಲು ತೆಗೆದೋಳು ಅವಳೇ. ಅವನ ಮುಖ ನೋಡಿ ಅಲ್ಲೇ ಕುಸಿದು ಕೂತ್ಲು. ಆಮೇಲೆ ಎದ್ದು, ಕೋಟೂ ಹಾಕ್ಕೊಳ್ದೆ ಹಿಂದೆ ಹೋದ್ಲು. ಒಂದೇ ಒಂದು ಮಾತು ಅಂದಿದ್ದು."

"ಏನಂದ್ಲು?"

"'ನೀನಿನ್ನೂ ಬದುಕಿದೀಯಾ?' ಅಂತ."